ಗಡಿ ದಾಟಿ ಬಾರದ ಪರೀಕ್ಷೆ

ಕಲಬುರಗಿ ಜಿಲ್ಲೆಯ ಜಿಡಗಾ ಎಂದೊಡನೆ ಉತ್ತರ ಕರ್ನಾಟಕದ ಬಹುಮಂದಿಗೆ ನೆನಪಾಗುವುದು ಅಲ್ಲಿಯ ಮಠ. ಮುಗಳಖೋಡದ ಮಠದೊಂದಿಗೆ ಹೆಸರು ಬೆಸೆದುಕೊಂಡಿರುವ ಈ ಊರಿಗೆ ಮಹಾರಾಷ್ಟ್ರದಿಂದಲೂ ಭಕ್ತರು ಬರುತ್ತಾರೆ. ಆಳಂದ ತಾಲ್ಲೂಕಿನ ಬದುಕೇ ಹಾಗೆ. ಒಂದು ಮಗ್ಗುಲಿಗೆ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ, ಇನ್ನೊಂದು ಮಗ್ಗುಲಿಗೆ ಉಸ್ಮಾನಾಬಾದ್ ಜಿಲ್ಲೆಯ ಉಮರ್ಗಾ. ಹೆಣ್ಣು ಕೊಡುವುದು, ತರುವುದು, ಸಂತೆ, ಜಾತ್ರೆ, ಕಾಯಿಲೆ ಬಿದ್ದರೆ ಕಲಬುರಗಿಯೋ ಸೊಲ್ಲಾಪುರವೋ ಎಂಬ ಲೆಕ್ಕಾಚಾರ ಎಲ್ಲವೂ ಗಡಿಯ ಎರಡೂ ಬದಿಗೆ ಹರಡಿಕೊಂಡಿವೆ. 1956ರವರೆಗೆ ಉಸ್ಮಾನಾಬಾದ್ ಮತ್ತು ಗುಲ್ಬರ್ಗಾ ಎರಡೂ ಹೈದರಾಬಾದ್ ರಾಜ್ಯದ ಜಿಲ್ಲೆಗಳೇ ಆಗಿದ್ದವು. ಉಸ್ಮಾನಾಬಾದ್ ಈಗ ಧಾರಾಶಿವ ಆಗಿದೆ, ಗುಲ್ಬರ್ಗಾ ಕಲಬುರಗಿಯಾಗಿದೆ. ಎರೆಮಣ್ಣು, ತೊಗರಿ, ಬರ ಮಾತ್ರ ಎರಡೂ ಕಡೆ ಒಂದೇ.

ಹೀಗೆ ಸಕಲವೂ ಗಡಿ ದಾಟಿ ಓಡಾಡುವ ಈ ಸೀಮೆಯಲ್ಲಿ ಒಂದು ಸಂಗತಿ ಮಾತ್ರ ಕಾಲು ಶತಮಾನವಾದರೂ ಇತ್ತ ದಾಟಿ ಬಂದಿಲ್ಲ. ಅದು ಹೆಣ್ಣುಮಕ್ಕಳ ಪ್ರಾಣಕ್ಕೆ ಸಂಬಂಧಿಸಿದ್ದು.

1999ರ ಅಕ್ಟೋಬರ್‌ನಲ್ಲಿ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ದೊಡ್ಡ ಅಧ್ಯಯನ ಆರಂಭವಾಯಿತು. ಗರ್ಭಕಂಠದ ಕ್ಯಾನ್ಸರ್‌ನಿಂದ ಆಗುವ ಸಾವನ್ನು ತಡೆಯಲು ಬಡ ದೇಶದ ಹಳ್ಳಿಗಳಿಗೆ ಯಾವ ಬಗೆಯ ತಪಾಸಣೆ ಸೂಕ್ತ ಎಂಬುದು ಅದರ ಪ್ರಶ್ನೆ. ಮುಂಬೈಯ ಟಾಟಾ ಸ್ಮಾರಕ ಕೇಂದ್ರ, ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ, ಫ್ರಾನ್ಸಿನ ಲಿಯಾನ್‌ನಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇವು ಜೊತೆಗೂಡಿ ನಡೆಸಿದ ಈ ಅಧ್ಯಯನದ ಮುಂದಾಳು ಡಾ. ರೆಂಗಸ್ವಾಮಿ ಶಂಕರನಾರಾಯಣನ್. 30ರಿಂದ 59 ವರ್ಷದೊಳಗಿನ 1,31,746 ಮಹಿಳೆಯರು ಇದರ ವ್ಯಾಪ್ತಿಗೆ ಬಂದರು. ಹಳ್ಳಿಗಳನ್ನು 52 ಸಮೂಹಗಳಾಗಿಸಿ ನಾಲ್ಕು ಗುಂಪು ಮಾಡಲಾಯಿತು. ಮೊದಲ ಗುಂಪಿನವರಿಗೆ ಎಚ್‌ಪಿವಿ ವೈರಸ್ ಪತ್ತೆ ಮಾಡುವ ಪರೀಕ್ಷೆ. ಎರಡನೆಯವರಿಗೆ ಗರ್ಭಕಂಠದ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ಯಾಪ್ ಪರೀಕ್ಷೆ. ಮೂರನೆಯವರಿಗೆ ತೆಳು ಅಸಿಟಿಕ್ ಆಮ್ಲ ಲೇಪಿಸಿ ಬರಿಗಣ್ಣಿನಿಂದ ನೋಡುವ ಪರೀಕ್ಷೆ. ನಾಲ್ಕನೆಯ ಗುಂಪಿಗೆ ಎಂದಿನ ಆರೈಕೆ ಮಾತ್ರ. ಪರೀಕ್ಷೆ ನಡೆದದ್ದು ಒಬ್ಬೊಬ್ಬರಿಗೆ ಒಂದೇ ಒಂದು ಸಲ.

ಫಲಿತಾಂಶ 2009ರ ಏಪ್ರಿಲ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಎಂಟು ವರ್ಷಗಳ ಅವಧಿಯಲ್ಲಿ ಎಚ್‌ಪಿವಿ ಪರೀಕ್ಷೆಯ ಗುಂಪಿನಲ್ಲಿ ಈ ಕ್ಯಾನ್ಸರ್‌ನಿಂದ ಸತ್ತವರು 34 ಮಂದಿ; ಯಾವ ತಪಾಸಣೆಯೂ ಇಲ್ಲದ ಗುಂಪಿನಲ್ಲಿ 64 ಮಂದಿ. ಮುಂದುವರಿದ ಹಂತದ ಕ್ಯಾನ್ಸರ್ ಅಲ್ಲಿ 39, ಇಲ್ಲಿ 82. ಜೀವಮಾನದಲ್ಲಿ ಒಮ್ಮೆ ಮಾಡಿದ ಪರೀಕ್ಷೆಯೊಂದು ಸಾವನ್ನು ಅರ್ಧಕ್ಕೆ ಇಳಿಸಿತ್ತು. ಉಳಿದೆರಡು ಪರೀಕ್ಷೆಗಳು ಒಂದೇ ಸುತ್ತಿನಲ್ಲಿ ಅಂಥ ಗಣನೀಯ ಪರಿಣಾಮ ತೋರಲಿಲ್ಲ. ಇಂದು ವಿಶ್ವ ಆರೋಗ್ಯ ಸಂಸ್ಥೆ ಜಗತ್ತಿಗೆಲ್ಲ ಎಚ್‌ಪಿವಿ ಪರೀಕ್ಷೆಯನ್ನೇ ಮೊದಲ ಆಯ್ಕೆಯಾಗಿ ಹೇಳುತ್ತಿದ್ದರೆ ಅದಕ್ಕೆ ಬಲ ಕೊಟ್ಟ ಮುಖ್ಯ ಸಾಕ್ಷ್ಯಗಳಲ್ಲಿ ಇದೂ ಒಂದು.

ಇಲ್ಲಿ ಒಂದು ಮಾತನ್ನು ಮರೆಮಾಚಬಾರದು. ನಾಲ್ಕನೆಯ ಗುಂಪಿನ ಮಹಿಳೆಯರನ್ನು ತಪಾಸಣೆಯಿಲ್ಲದೆ ಬಿಟ್ಟದ್ದು ಸರಿಯೇ ಎಂಬ ಪ್ರಶ್ನೆ ಮುಂದೆ ತೀವ್ರ ಚರ್ಚೆಗೆ ಒಳಗಾಯಿತು. ಆ ಹಳ್ಳಿಗಳಲ್ಲಿ ಅದಕ್ಕೆ ಮೊದಲು ಯಾರಿಗೂ ತಪಾಸಣೆ ಇರಲಿಲ್ಲ ಎಂಬ ಸಮಜಾಯಿಷಿ ಇದೆ, ಅದರಲ್ಲಿ ಸತ್ಯವೂ ಇದೆ. ಆದರೆ ನನ್ನ ಮಟ್ಟಿಗೆ ಆ 64 ಸಾವುಗಳು ಒಂದು ಸಾಲ. ಅವರಿಂದ ಕಲಿತ ಪಾಠವನ್ನು ಅವರ ನೆರೆಹೊರೆಯ ಹೆಂಗಸರಿಗೆ ತಲುಪಿಸದಿರುವವರೆಗೆ ಆ ಸಾಲ ತೀರಿದಂತಾಗುವುದಿಲ್ಲ.

ಅಧ್ಯಯನದ ಇನ್ನೊಂದು ಅಂಶಕ್ಕೆ ಸಾಮಾನ್ಯವಾಗಿ ಯಾರೂ ಗಮನ ಕೊಡುವುದಿಲ್ಲ. ಎಚ್‌ಪಿವಿ ಗುಂಪಿಗೆ ಸೇರಿದ ಮಹಿಳೆಯರಲ್ಲಿ ಹತ್ತಕ್ಕೆ ಸುಮಾರು ಎಂಟು ಮಂದಿ ಪರೀಕ್ಷೆಗೆ ಬಂದಿದ್ದರು. ನಮ್ಮ ಅಧಿಕಾರಿಗಳ ಸಭೆಗಳಲ್ಲಿ ಪದೇ ಪದೇ ಕೇಳುವ ಮಾತು, ‘ಹಳ್ಳಿಯ ಹೆಂಗಸರು ಇಂಥದ್ದಕ್ಕೆಲ್ಲ ಬರುವುದಿಲ್ಲ’ ಎಂಬುದು. ಆಳಂದದ ಹೆಂಗಸರಿಗಿಂತ ಗಡಿಯಾಚೆಯ ಹೆಂಗಸರಿಗೆ ನಾಚಿಕೆ ಕಡಿಮೆ ಎಂದು ನಂಬಲು ನನಗೆ ಯಾವ ಕಾರಣವೂ ಕಾಣುವುದಿಲ್ಲ. ಅಲ್ಲಿ ಮನೆಗೆ ಹೋಗಿ ಕರೆದವರಿದ್ದರು, ಮಾದರಿ ತೆಗೆಯುವವಳು ತರಬೇತಾದ ದಾದಿಯಾಗಿದ್ದಳು, ಕಾಯಿಲೆ ಕಂಡರೆ ಚಿಕಿತ್ಸೆ ಎಲ್ಲಿ ಎಂಬುದು ಮೊದಲೇ ಗೊತ್ತಿತ್ತು.

ಇತ್ತ ನಮ್ಮ ಸ್ಥಿತಿ ನೋಡೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 30ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಒಮ್ಮೆಯಾದರೂ ಗರ್ಭಕಂಠದ ತಪಾಸಣೆಗೆ ಒಳಗಾದವರು ಶೇ 1.9 ಮಾತ್ರ. ಕರ್ನಾಟಕದಲ್ಲಿ ಅದು ಶೇ 1ನ್ನೂ ಮುಟ್ಟಿರಲಿಲ್ಲ. ಪಕ್ಕದ ತಮಿಳುನಾಡು ಶೇ 10ರ ಸಮೀಪದಲ್ಲಿತ್ತು. 2022ರ ಅಂದಾಜಿನಂತೆ ದೇಶದಲ್ಲಿ ವರ್ಷಕ್ಕೆ ಸುಮಾರು 1.27 ಲಕ್ಷ ಮಹಿಳೆಯರಿಗೆ ಈ ಕ್ಯಾನ್ಸರ್ ತಗಲುತ್ತದೆ, ಸುಮಾರು 80 ಸಾವಿರ ಮಂದಿ ಸಾಯುತ್ತಾರೆ.

ಕಾರ್ಯಕ್ರಮವೇ ಇಲ್ಲವೆಂದಲ್ಲ. 2016ರಲ್ಲಿ ಕೇಂದ್ರ ಸರ್ಕಾರ ರೂಪಿಸಿದ ಮಾರ್ಗಸೂಚಿಯಂತೆ 30 ದಾಟಿದ ಪ್ರತಿ ಮಹಿಳೆಗೂ ಐದು ವರ್ಷಕ್ಕೊಮ್ಮೆ ಗರ್ಭಕಂಠದ ತಪಾಸಣೆ ಆಗಬೇಕು. ಅದಕ್ಕೆ ಆರಿಸಿಕೊಂಡದ್ದು ಅಸಿಟಿಕ್ ಆಮ್ಲದ ಪರೀಕ್ಷೆ. ಅಗ್ಗದ್ದು, ಸರಳವಾದದ್ದು, ಅಲ್ಲೇ ಫಲಿತಾಂಶ ಸಿಗುವಂಥದ್ದು ಎಂಬುದು ಅದರ ಗುಣ. ಮುಂಬೈಯ ಕೊಳೆಗೇರಿಗಳಲ್ಲಿ ಡಾ. ಸುರೇಂದ್ರ ಶಾಸ್ತ್ರಿ ಅವರ ತಂಡ ಇದನ್ನೇ ಎರಡು ವರ್ಷಕ್ಕೊಮ್ಮೆ ಮತ್ತೆ ಮತ್ತೆ ಮಾಡಿ ಸಾವಿನ ಪ್ರಮಾಣವನ್ನು ಶೇ 31ರಷ್ಟು ತಗ್ಗಿಸಿತು. ತಮಿಳುನಾಡಿನ ದಿಂಡಿಗಲ್‌ನಲ್ಲೂ ಒಳ್ಳೆಯ ಫಲ ಬಂತು. ಆದರೆ ಎರಡೂ ಕಡೆ ನೋಡುವ ಕಣ್ಣುಗಳು ಪಳಗಿದ್ದವು, ಮೇಲ್ವಿಚಾರಣೆ ಬಿಗಿಯಾಗಿತ್ತು. ತರಬೇತಿ ಪಡೆದವರು ವರ್ಗವಾಗಿ ಹೋಗುವ, ಬಂದವರು ಮತ್ತೆ ಮೊದಲಿನಿಂದ ಕಲಿಯಬೇಕಾದ ನಮ್ಮ ಉಪಕೇಂದ್ರಗಳಲ್ಲಿ ಅದು ಕಾಗದದ ಮೇಲೆ ಉಳಿಯುವುದೇ ಹೆಚ್ಚು. ಸ್ತ್ರೀರೋಗ ವೈದ್ಯೆಯಾಗಿ ಈ ಭಾಗದ ಶಿಬಿರಗಳಿಗೆ ಹೋದಾಗೆಲ್ಲ ನಾನು ಮೊದಲು ನೋಡುವುದು ವಹಿಗಳನ್ನು. ರಕ್ತದೊತ್ತಡದ ಅಂಕಣ ತುಂಬಿರುತ್ತದೆ, ಸಕ್ಕರೆಯ ಅಂಕಣ ತುಂಬಿರುತ್ತದೆ, ಗರ್ಭಕಂಠದ ಅಂಕಣ ಖಾಲಿ. ಹುಡುಗಿಯರಂಥ ದಾದಿಯರನ್ನು ಗದರಿಸಿ ಪ್ರಯೋಜನವಿಲ್ಲ. ಬಾಗಿಲು ಮುಚ್ಚಿಕೊಳ್ಳುವಂಥ ಒಂದು ಕೋಣೆಯಿಲ್ಲ, ಬೆಳಕಿಲ್ಲ, ಉಪಕರಣ ಕುದಿಸುವ ವ್ಯವಸ್ಥೆಯಿಲ್ಲ.

ಈ ಖಾಲಿ ಅಂಕಣ ಖಾಲಿಯಾಗಿಯೇ ಉಳಿಯಲಿಲ್ಲ. ಅದನ್ನು ಭಯ ತುಂಬಿತು.

ಕಲಬುರಗಿ ಜಿಲ್ಲೆಯ ಹಳ್ಳಿ ಮತ್ತು ತಾಂಡಾಗಳ ಹೆಣ್ಣುಮಕ್ಕಳ ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆಗಳು ವಿಪರೀತವಾಗಿವೆ ಎಂಬ ದೂರು 2015ರಲ್ಲಿ ರಾಜ್ಯದ ಗಮನ ಸೆಳೆದದ್ದು ಓದುಗರಿಗೆ ನೆನಪಿರಬಹುದು. ಕರ್ನಾಟಕ ಜನಾರೋಗ್ಯ ಚಳವಳಿಯವರು ಊರೂರು ತಿರುಗಿ ಸಂಗತಿ ಹೊರಗೆಳೆದರು; ಸರ್ಕಾರ ತನಿಖೆ ನಡೆಸಿತು. ಕೆಲವೇ ಖಾಸಗಿ ಆಸ್ಪತ್ರೆಗಳಲ್ಲಿ ಎರಡು ಸಾವಿರಕ್ಕೂ ಅಧಿಕ ಮಹಿಳೆಯರ ಗರ್ಭಕೋಶ ತೆಗೆದದ್ದು ಬೆಳಕಿಗೆ ಬಂತು. ಅವರಲ್ಲಿ ಬಹುಪಾಲು ದಲಿತ ಮತ್ತು ಲಂಬಾಣಿ ಹೆಣ್ಣುಮಕ್ಕಳು, ಹಲವರು ನಲವತ್ತರೊಳಗಿನವರು. 2017ರಲ್ಲಿ ನೊಂದ ಮಹಿಳೆಯರೇ ಕಲಬುರಗಿಯಲ್ಲಿ ಬೀದಿಗಿಳಿದರು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಜಾರಿಗೊಳಿಸುವಂತೆ ಎಲ್ಲ ರಾಜ್ಯಗಳಿಗೆ ನಿರ್ದೇಶನ ನೀಡಿತು. ಅದು ಬೇರೆ ರಾಜ್ಯಗಳ ಪ್ರಕರಣದಿಂದ ಹುಟ್ಟಿದ ಆದೇಶವಾದರೂ ನಮಗೂ ಅನ್ವಯಿಸುತ್ತದೆ.

ಆ ಹೆಂಗಸರು ಹೋಗಿದ್ದು ಬಿಳಿಸೆರಗು, ಹೊಟ್ಟೆನೋವು, ಮುಟ್ಟಿನ ಏರುಪೇರು ಎಂದು. ಹಿಂದಿರುಗಿದ್ದು ಗರ್ಭಕೋಶ ಕಳೆದುಕೊಂಡು. ನಡುವೆ ಅವರಿಗೆ ಹೇಳಲಾದ ಮಾತು ಬಹುತೇಕ ಒಂದೇ ಆಗಿತ್ತು: ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ. ಶಿಬಿರವೊಂದರಲ್ಲಿ ನಡುವಯಸ್ಸಿನ ಒಬ್ಬಾಕೆ ನನ್ನನ್ನು ಕೇಳಿದ್ದಳು, ‘ಡಾಕ್ಟರಬಾಯಿ, ಚೀಲ ತಗಿಸಿಬಿಟ್ರ ಕ್ಯಾನ್ಸರ್ ಬರಂಗಿಲ್ಲಂತಲ್ರೀ, ಖರೇ ಏನ್ರೀ?’ ಮಗಳಿಗೂ ಈಗಲೇ ತೆಗೆಸಿಬಿಡುವುದು ಒಳ್ಳೆಯದಲ್ಲವೇ ಎಂಬುದು ಅವಳ ಮುಂದಿನ ಪ್ರಶ್ನೆ. ಮಗಳಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ವೈದ್ಯಶಾಸ್ತ್ರ ಇದಕ್ಕೆ ನೇರ ಉತ್ತರ ಕೊಡುತ್ತದೆ. ಗರ್ಭಕಂಠದ ಕ್ಯಾನ್ಸರ್ ಒಂದು ರಾತ್ರಿಯಲ್ಲಿ ಬರುವ ಕಾಯಿಲೆಯಲ್ಲ. ಅದರ ಮೂಲ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಸಂಕ್ಷೇಪದಲ್ಲಿ ಎಚ್‌ಪಿವಿ. ಇದನ್ನು ತೋರಿಸಿಕೊಟ್ಟ ಜರ್ಮನಿಯ ಹೆರಾಲ್ಡ್ ತ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಈ ವೈರಸ್ಸಿನ ಸೋಂಕು ತಗಲಿದ ಬಹುತೇಕರಲ್ಲಿ ಒಂದೆರಡು ವರ್ಷಗಳೊಳಗೆ ದೇಹವೇ ಅದನ್ನು ಹೊರಹಾಕುತ್ತದೆ. ಕೆಲವರಲ್ಲಿ ಮಾತ್ರ ಅದು ಬೇರುಬಿಡುತ್ತದೆ. ಗರ್ಭಕಂಠದ ಜೀವಕೋಶಗಳು ನಿಧಾನವಾಗಿ ಮಾರ್ಪಾಡಾಗುತ್ತ ಕ್ಯಾನ್ಸರ್ ಆಗುವುದಕ್ಕೆ ಸಾಮಾನ್ಯವಾಗಿ ಹತ್ತು, ಹದಿನೈದು, ಇಪ್ಪತ್ತು ವರ್ಷ ಹಿಡಿಯುತ್ತದೆ. ಎಚ್‌ಐವಿ ಇರುವವರಲ್ಲಿ ಈ ಅವಧಿ ಕುಗ್ಗುತ್ತದೆ. ಇಷ್ಟು ದೀರ್ಘ ಅವಕಾಶ ಕೊಡುವ ಕ್ಯಾನ್ಸರ್ ಬೇರೊಂದಿಲ್ಲ ಎಂದರೂ ನಡೆದೀತು. ಆ ಅವಧಿಯಲ್ಲಿ ಮಾರ್ಪಾಡು ಪತ್ತೆಯಾದರೆ ಆ ಚೂರು ಭಾಗವನ್ನು ಬಿಸಿಯಿಂದಲೋ ಶೈತ್ಯದಿಂದಲೋ ಸುಟ್ಟುಹಾಕಿದರೆ ಸಾಕು. ಬಿಸಿಯ ಚಿಕಿತ್ಸೆಗೆ ಹಿಡಿಯುವುದು ಕೆಲವೇ ನಿಮಿಷ; ಅರಿವಳಿಕೆ ಬೇಡ, ಹಾಸಿಗೆ ಬೇಡ, ಆಕೆ ಅಂದೇ ಮನೆಗೆ ನಡೆದು ಹೋಗಬಹುದು. ಮಾರ್ಪಾಡು ದೊಡ್ಡದಿದ್ದರೆ ತಂತಿಯ ಉಂಗುರದಿಂದ ಆ ಭಾಗವನ್ನಷ್ಟೇ ತೆಗೆಯುತ್ತಾರೆ. ಗರ್ಭಕೋಶಕ್ಕೆ ಕೈ ಹಚ್ಚುವ ಪ್ರಮೇಯವೇ ಬರುವುದಿಲ್ಲ.

ಇನ್ನೂ ಒಂದು ಮಾತು. ಹೊಟ್ಟೆಯ ಮೇಲೆ ಯಂತ್ರ ಆಡಿಸಿ ಮಾಡುವ ಸ್ಕ್ಯಾನಿಂಗ್‌ನಲ್ಲಿ ಈ ಪೂರ್ವಭಾವಿ ಮಾರ್ಪಾಡು ಕಾಣುವುದಿಲ್ಲ. ‘ಸ್ಕ್ಯಾನಿಂಗ್‌ನಲ್ಲಿ ಬಂದಿದೆ, ಮುಂದೆ ಕ್ಯಾನ್ಸರ್ ಆಗುತ್ತದೆ’ ಎಂದು ಯಾರಾದರೂ ಹೇಳಿದರೆ ಗರ್ಭಕಂಠದ ಪರೀಕ್ಷೆ ಆಗಿದೆಯೇ ಎಂದು ಕೇಳುವ ಹಕ್ಕು ಪ್ರತಿ ಹೆಣ್ಣಿಗೂ ಇದೆ. ಗರ್ಭಕಂಠದಲ್ಲಿ ಆಗಲೇ ಕ್ಯಾನ್ಸರ್ ಇದ್ದು, ಅದನ್ನು ಪರೀಕ್ಷಿಸದೆ ಸಾಧಾರಣ ರೀತಿಯಲ್ಲಿ ಗರ್ಭಕೋಶ ತೆಗೆದುಬಿಟ್ಟರೆ ಆಕೆಯ ಮುಂದಿನ ಚಿಕಿತ್ಸೆ ಇನ್ನಷ್ಟು ಜಟಿಲವಾಗುತ್ತದೆ. ಪರೀಕ್ಷೆಯಿಲ್ಲದೆ ತೆಗೆದ ಗರ್ಭಕೋಶ ಹೀಗೆ ಎರಡು ರೀತಿಯ ಅನ್ಯಾಯ: ಬೇಡದವಳಿಗೆ ವೃಥಾ ಶಸ್ತ್ರಚಿಕಿತ್ಸೆ, ಬೇಕಾದವಳಿಗೆ ತಪ್ಪು ಶಸ್ತ್ರಚಿಕಿತ್ಸೆ.

ಪರೀಕ್ಷೆ ಹಳ್ಳಿಗೆ ಬಂದಾಗ ಎದುರಾಗುವ ನಿಜವಾದ ಕಷ್ಟ ಬೇರೊಂದಿದೆ. ಎಚ್‌ಪಿವಿ ಹರಡುವುದು ಲೈಂಗಿಕ ಸಂಪರ್ಕದಿಂದ. ‘ವೈರಸ್ ಇದೆ’ ಎಂಬ ಚೀಟಿ ಕೈಗೆ ಬಂದ ಹೆಣ್ಣು ಅತ್ತೆಯ ಮುಂದೆ, ಗಂಡನ ಮುಂದೆ ಏನೆಂದು ಹೇಳಬೇಕು? ಗಂಡನನ್ನುಳಿದು ಬೇರೊಬ್ಬನನ್ನು ಅರಿಯದವಳಿಗೂ ಈ ಸೋಂಕು ಬರಬಹುದು. ಸಂಸಾರ ಮಾಡುವ ಗಂಡು ಹೆಣ್ಣುಗಳಲ್ಲಿ ಹೆಚ್ಚಿನವರಿಗೆ ಯಾವಾಗಲಾದರೊಮ್ಮೆ ತಗಲುವಂಥದ್ದು ಇದು. ಹತ್ತಾರು ವರ್ಷಗಳ ಹಿಂದಿನದು ಈಗ ಪತ್ತೆಯಾಗಿರಲೂಬಹುದು. ಯಾರ ನಡತೆಯ ಬಗೆಗೂ ಅದು ಏನನ್ನೂ ಹೇಳುವುದಿಲ್ಲ. ಈ ನಾಲ್ಕು ವಾಕ್ಯಗಳನ್ನು ಆಶಾ ಕಾರ್ಯಕರ್ತೆ ಪರೀಕ್ಷೆಗೆ ಮೊದಲೇ, ಸಾಧ್ಯವಾದರೆ ಗಂಡಸರ ಸಮಕ್ಷಮದಲ್ಲೇ ಹೇಳಬೇಕು. ಫಲಿತಾಂಶ ಬಂದ ಮೇಲೆ ಹೇಳಿದರೆ ಅದು ಸಮಾಧಾನದ ಮಾತಿನಂತೆ ಕೇಳಿಸುತ್ತದೆ, ಸಂಶಯವನ್ನೇ ಬೆಳೆಸುತ್ತದೆ. ಚೀಟಿಯನ್ನು ಆಕೆಯ ಕೈಗಲ್ಲದೆ ಇನ್ನಾರ ಕೈಗೂ ಕೊಡಕೂಡದು ಎಂಬುದೂ ಅಷ್ಟೇ ಮುಖ್ಯ.

ಇನ್ನು ಲಸಿಕೆಯ ವಿಚಾರ. ಇದರಲ್ಲೂ ನಮ್ಮ ಸೀಮೆಯ ನೆರೆಹೊರೆಗೆ ಒಂದು ಕತೆಯಿದೆ. 2009ರಲ್ಲಿ ಅಂದಿನ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಪಾಥ್ ಎಂಬ ಸಂಸ್ಥೆ ಹುಡುಗಿಯರಿಗೆ ಪ್ರಾಯೋಗಿಕವಾಗಿ ಎಚ್‌ಪಿವಿ ಲಸಿಕೆ ಹಾಕಿಸಿತು. ಏಳು ಹುಡುಗಿಯರ ಸಾವಿನ ವರದಿ ಬಂದು 2010ರ ಏಪ್ರಿಲ್‌ನಲ್ಲಿ ಕಾರ್ಯಕ್ರಮ ನಿಂತಿತು. ಆ ಸಾವುಗಳಿಗೆ ಲಸಿಕೆ ಕಾರಣವೆಂಬುದಕ್ಕೆ ಆಧಾರವಿಲ್ಲವೆಂದು ತನಿಖೆ ಹೇಳಿತು. ಆದರೆ ಆಶ್ರಮಶಾಲೆಗಳ ಬುಡಕಟ್ಟು ಮಕ್ಕಳ ಪರವಾಗಿ ತಂದೆತಾಯಿಯ ಬದಲು ವಾರ್ಡನ್‌ಗಳು ಸಹಿ ಹಾಕಿದ್ದರೆಂಬುದೂ ಹೊರಬಿತ್ತು. 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಕಟುವಾಗಿ ಟೀಕಿಸಿತು. ಲಸಿಕೆಯ ಬಗ್ಗೆ ಇಂದಿಗೂ ಹರಿದಾಡುವ ಅನುಮಾನಗಳಿಗೆ ಬೇರು ಅಲ್ಲಿದೆ.

ಅದೇ ಹೊತ್ತಿನಲ್ಲಿ ದೇಶದ ಒಂಬತ್ತು ಕೇಂದ್ರಗಳಲ್ಲಿ ಬೇರೊಂದು ಅಧ್ಯಯನ ನಡೆದಿತ್ತು. ಅವುಗಳಲ್ಲಿ ಬಾರ್ಶಿಯೂ ಒಂದು. ಮೂರು ಡೋಸ್ ಬೇಕೋ ಎರಡು ಸಾಕೋ ಎಂದು ನೋಡಹೊರಟಿದ್ದ ಆ ಅಧ್ಯಯನವೂ ಸರ್ಕಾರದ ಆದೇಶದಿಂದ ನಡುವೆ ನಿಂತಿತು. ಸುಮಾರು ಐದು ಸಾವಿರ ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತ್ತು. ಅವರನ್ನು ಕೈಬಿಡದೆ ಹತ್ತು ವರ್ಷ ಹಿಂಬಾಲಿಸಿದಾಗ ಅಚ್ಚರಿ ಕಾದಿತ್ತು: ಎಚ್‌ಪಿವಿ 16 ಮತ್ತು 18ರ ನೆಲೆನಿಂತ ಸೋಂಕಿನ ವಿರುದ್ಧ ಒಂದು ಡೋಸ್ ನೀಡಿದ ರಕ್ಷಣೆ ಶೇ 95.4, ಎರಡು, ಮೂರು ಡೋಸ್‌ಗಳಿಗಿಂತ ಏನೂ ಕಡಿಮೆಯಲ್ಲ. 2021ರಲ್ಲಿ ಪ್ರಕಟವಾದ ಈ ಫಲಿತಾಂಶ, ಆಫ್ರಿಕಾದ ಅಧ್ಯಯನಗಳೊಂದಿಗೆ ಸೇರಿ, ಒಂದೇ ಡೋಸ್ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಒಪ್ಪಲು ದಾರಿಯಾಯಿತು. ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಶೇ 70ರಷ್ಟಕ್ಕೆ ಈ ಎರಡು ಬಗೆಗಳೇ ಕಾರಣ. ಹನ್ನೆರಡು-ಹದಿಮೂರರ ವಯಸ್ಸಿನಲ್ಲಿ ಲಸಿಕೆ ಪೂರ್ಣಗೊಳಿಸಿದ ಸ್ಕಾಟ್ಲೆಂಡಿನ ಯುವತಿಯರಲ್ಲಿ ಈ ಕ್ಯಾನ್ಸರ್‌ನ ಒಂದು ಪ್ರಕರಣವೂ ಕಂಡುಬಂದಿಲ್ಲವೆಂದು 2024ರಲ್ಲಿ ವರದಿಯಾಯಿತು.

2022ರಲ್ಲಿ ಪುಣೆಯ ಸೀರಂ ಸಂಸ್ಥೆಯ ಸ್ವದೇಶಿ ಲಸಿಕೆ ಸರ್ವಾವ್ಯಾಕ್‌ಗೆ ಅನುಮತಿ ದೊರೆಯಿತು. 2024ರ ಫೆಬ್ರುವರಿಯ ಮಧ್ಯಂತರ ಬಜೆಟ್‌ನಲ್ಲಿ 9ರಿಂದ 14 ವರ್ಷದ ಹುಡುಗಿಯರ ಲಸಿಕೆಗೆ ಪ್ರೋತ್ಸಾಹ ನೀಡುವ ಮಾತು ಬಂತು. ಸಿಕ್ಕಿಂ 2018ರಲ್ಲೇ ಶಾಲೆಗಳ ಮೂಲಕ ಶೇ 95ಕ್ಕೂ ಹೆಚ್ಚು ಹುಡುಗಿಯರನ್ನು ತಲುಪಿತ್ತು. ಆದರೆ ನಮ್ಮ ಭಾಗಕ್ಕೆ ಸಿಕ್ಕಿಂನ ದಾರಿ ಸಾಲದು. ದುಡಿಮೆಗಾಗಿ ತಂದೆತಾಯಿ ಪುಣೆ, ಮುಂಬೈ, ಹೈದರಾಬಾದ್ ಸೇರುವಾಗ ಏಳನೆಯ, ಎಂಟನೆಯ ತರಗತಿಯಲ್ಲೇ ಶಾಲೆ ಬಿಟ್ಟ ಹುಡುಗಿಯ ಹೆಸರು ಯಾವ ಹಾಜರಿಯಲ್ಲೂ ಇರುವುದಿಲ್ಲ. ಬೇಗ ಮದುವೆಯಾಗುವವಳೂ ಅವಳೇ, ಮುಂದೆ ತಪಾಸಣೆಗೆ ಸಿಗದವಳೂ ಅವಳೇ. ಲಸಿಕೆ ಹೆಚ್ಚು ಬೇಕಾದದ್ದು ಅವಳಿಗೆ. ಶಾಲೆಯ ಪಟ್ಟಿಯ ಪಕ್ಕದಲ್ಲಿ ಅಂಗನವಾಡಿಯ ಮತ್ತು ಆಶಾ ಕಾರ್ಯಕರ್ತೆಯ ಪಟ್ಟಿಯನ್ನು ಇಟ್ಟು ನೋಡಿದರೆ ಮಾತ್ರ ಅವಳು ಕಾಣಿಸುತ್ತಾಳೆ. ಸಹಿಯನ್ನು ಅವ್ವನಿಂದಲೋ ಅಪ್ಪನಿಂದಲೋ, ತಿಳಿಸಿ ಹೇಳಿದ ಮೇಲೆಯೇ ಪಡೆಯಬೇಕು. ಖಮ್ಮಂ ಕಲಿಸಿದ್ದು ಇದು. ಲಸಿಕೆ ಪಡೆದವಳಿಗೂ ಮುಂದೆ ತಪಾಸಣೆ ತಪ್ಪದು ಎಂಬುದನ್ನೂ ಅಂದೇ ಹೇಳಬೇಕು. ಉಳಿದ ಬಗೆಯ ವೈರಸ್‌ಗಳಿಂದ ಪೂರ್ಣ ರಕ್ಷಣೆ ಈ ಲಸಿಕೆಯಿಂದ ಸಿಗುವುದಿಲ್ಲ.

ಅವಳ ಅವ್ವನಿಗೆ ಲಸಿಕೆಯ ಕಾಲ ಮೀರಿದೆ, ಪರೀಕ್ಷೆಯೇ ಗತಿ. 35ರ ಹೊತ್ತಿಗೆ ಒಮ್ಮೆ, 45ರ ಹೊತ್ತಿಗೆ ಇನ್ನೊಮ್ಮೆ ಎಚ್‌ಪಿವಿ ಪರೀಕ್ಷೆ. ವಿಶ್ವ ಆರೋಗ್ಯ ಸಂಸ್ಥೆ 2030ರೊಳಗೆ ಶೇ 70ರಷ್ಟು ಮಹಿಳೆಯರಿಗೆ ತಲುಪಿಸಲು ಹೇಳಿರುವುದು ಇಷ್ಟೇ. ದುಬಾರಿ ಎಂಬ ಹಳೆಯ ನೆಪ ಈಗ ಸಡಿಲವಾಗಿದೆ. ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡ ಟ್ರೂನಾಟ್ ಯಂತ್ರವನ್ನು ಕ್ಷಯರೋಗ ಪತ್ತೆಗಾಗಿ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಬಳಸುತ್ತಿದ್ದಾರೆ. ಅದೇ ಯಂತ್ರದಲ್ಲಿ ನಡೆಸಬಹುದಾದ ಸ್ವದೇಶಿ ಎಚ್‌ಪಿವಿ ಪರೀಕ್ಷೆಯ ಮೌಲ್ಯಮಾಪನದ ಫಲಿತಾಂಶ 2025ರಲ್ಲಿ ಹೊರಬಂತು. ಮಾದರಿಯನ್ನು ಮಹಿಳೆ ತಾನೇ, ಬಾಗಿಲು ಹಾಕಿಕೊಂಡು, ಒಂದು ಕಡ್ಡಿಯಿಂದ ತೆಗೆದುಕೊಡಬಹುದು. ಕೋಣೆಯಿಲ್ಲ, ಬೆಳಕಿಲ್ಲ, ಪರರ ಕಣ್ಣಿನ ನಾಚಿಕೆ ಎಂಬ ಮೂರೂ ಅಡ್ಡಿಗಳು ಇದರಿಂದ ಹಗುರವಾಗುತ್ತವೆ. ಸೋಂಕು ಕಂಡವರನ್ನು ನೋಡಲು ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ, ಬಿಸಿಯ ಚಿಕಿತ್ಸೆಯ ಒಂದು ಉಪಕರಣ, ಅದನ್ನು ಬಲ್ಲ ಒಬ್ಬ ವೈದ್ಯೆ ಸಾಕು. ಅದಕ್ಕೂ ಮೀರಿದ್ದಕ್ಕೆ ಕಲಬುರಗಿಯಲ್ಲೇ ಕಿದ್ವಾಯಿ ಸಂಸ್ಥೆಯ ಕೇಂದ್ರವಿದೆ. ಸಂವಿಧಾನದ 371(ಜೆ) ವಿಧಿಯ ಫಲವಾಗಿ ಹುಟ್ಟಿದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣ ರಸ್ತೆಗೆ, ಸಮುದಾಯ ಭವನಕ್ಕೆ ಹರಿಯುವುದನ್ನು ನಾವು ನೋಡುತ್ತಲೇ ಇದ್ದೇವೆ. ಅದರ ಒಂದು ತುಣುಕು ಆಳಂದ, ಅಫಜಲಪುರ, ಜೇವರ್ಗಿಯಂಥ ತಾಲ್ಲೂಕುಗಳಲ್ಲಿ ಇದಕ್ಕೆ ಮೀಸಲಾದರೆ ಯಾವ ಭವನದ ಕಳಶವೂ ಕುಸಿಯುವುದಿಲ್ಲ. ಸೋಂಕು ಕಂಡ ಒಬ್ಬೊಬ್ಬಳ ಹೆಸರೂ ಚಿಕಿತ್ಸೆ ಮುಗಿಯುವವರೆಗೆ ಯಾರದಾದರೂ ಜವಾಬ್ದಾರಿಯಾಗಿರಬೇಕು. ಇದು ಆಗದಿದ್ದರೆ ಪರೀಕ್ಷೆಯ ಚೀಟಿ ಹಿಡಿದ ಹೆಣ್ಣು ಮತ್ತೆ ಅದೇ ಭಯ ಮಾರುವವರ ಬಾಗಿಲಿಗೇ ಹೋಗುತ್ತಾಳೆ.

ಆರಂಭಕ್ಕೆ ಜಿಡಗಾದಂಥ ಒಂದು ದೊಡ್ಡ ಊರು, ಅದರ ಸುತ್ತಲಿನ ಹಳ್ಳಿ, ತಾಂಡಾಗಳು ಸಾಕು. ಹೊತ್ತು ಮಾತ್ರ ಹೊಲ ನೋಡಿ ಆರಿಸಬೇಕು. ಕಳೆ ತೆಗೆಯುವ ಶ್ರಾವಣದಲ್ಲೋ ತೊಗರಿ ಕೊಯ್ಯುವ ಪುಷ್ಯದಲ್ಲೋ ಶಿಬಿರ ಹಾಕಿ ಹೆಂಗಸರು ಬರಲಿಲ್ಲವೆಂದು ವರದಿ ಬರೆಯುವುದು ಬೇಡ. ರಾಶಿ ಮುಗಿದು, ಊರು ಬಿಡುವ ಕುಟುಂಬಗಳು ಇನ್ನೂ ಗಂಟುಮೂಟೆ ಕಟ್ಟಿರದ ಫೆಬ್ರುವರಿಯ ಮೂರು ನಾಲ್ಕು ವಾರ, ದಿನವೂ ಸಂಜೆ ನಾಲ್ಕರ ಮೇಲೆ.